ಬಹುಮತ ಮುಚ್ಚಿದ ಬಾಗಿಲು
ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1963ರಲ್ಲಿ ಕರಿಯ ಶಾಸಕ ಬೈರನ್ ರಮ್‌ಫೋರ್ಡ್ ತಂದ ಕಾಯಿದೆ, ವರ್ಣ-ಧರ್ಮ ನೋಡಿ ಮನೆ ನಿರಾಕರಿಸುವುದನ್ನು ನಿಷೇಧಿಸಿತು. ಹೆಸರು ಕೇಳಿದೊಡನೆ ಮನೆ ಖಾಲಿಯಿಲ್ಲವೆನ್ನಿಸಿಕೊಂಡ ನಮಗೆ ಅದರ ಬೆಲೆ ಗೊತ್ತು. ರಿಯಲ್ ಎಸ್ಟೇಟ್ ಸಂಘದವರು ಸಹಿ ಸಂಗ್ರಹಿಸಿ, 1964ರ ನವೆಂಬರಿನಲ್ಲಿ 14ನೇ ಪ್ರಸ್ತಾವವನ್ನು ನೇರವಾಗಿ ಜನರ ಮತಕ್ಕೆ ತಂದರು. ಅದರಲ್ಲಿ ವರ್ಣದ ಮಾತೇ ಇರಲಿಲ್ಲ. ಆಸ್ತಿಯನ್ನು ಯಾರಿಗೆ ಕೊಡಬೇಕೆಂಬುದು ಮಾಲಿಕನ ಇಚ್ಛೆ, ಅಷ್ಟೇ! ಸುಮಾರು ಶೇ. 65 ಮತದಾರರು ಒಪ್ಪಿದರು. ಅದೇ ದಿನ ಅದೇ ರಾಜ್ಯ, ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಹಾಕಿದ್ದ ಅಧ್ಯಕ್ಷ ಜಾನ್ಸನ್‌ರನ್ನೂ ಭಾರೀ ಬಹುಮತದಿಂದ ಗೆಲ್ಲಿಸಿತ್ತು. ದೂರದ ದಕ್ಷಿಣ ರಾಜ್ಯಗಳ ಕರಿಯನಿಗೆ ನ್ಯಾಯ ಸಿಗಲಿ, ಪಕ್ಕದ ಮನೆಗೆ ಮಾತ್ರ ಆತ ಬೇಡ! 1966ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಪ್ರಸ್ತಾವವನ್ನು ರದ್ದುಪಡಿಸಿತು. ಮರುವರ್ಷ ದೇಶದ ಸುಪ್ರೀಂ ಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಆದರೆ ಒಂಬತ್ತು ನ್ಯಾಯಾಧೀಶರಲ್ಲಿ ನಾಲ್ವರು ಅದನ್ನು ಒಪ್ಪಲಿಲ್ಲ.