‘ಜನರಿಗೆ ಅರಿವಿಲ್ಲ’ ಅನ್ನೋ ಮೊದಲು: ನಡವಳಿಕೆ ಅರ್ಥಶಾಸ್ತ್ರ ಯಾಕೆ ಬೇಕು?

ಸರ್ಕಾರದ ಯೋಜನೆಯೊಂದು ಸೋತಾಗ ಅಧಿಕಾರಿಗಳ ಬಾಯಲ್ಲಿ ಬರುವ ಮೊದಲ ಮಾತು ‘ಜನರಲ್ಲಿ ಅರಿವಿನ ಕೊರತೆ’. ಆಮೇಲೆ ಒಂದು ಜಾಗೃತಿ ಜಾಥಾ, ಒಂದಷ್ಟು ಫ್ಲೆಕ್ಸು. ನಾನು ಓದಿದ್ದು ಎಂಜಿನಿಯರಿಂಗ್. ಆ್ಯಪ್ ಬಳಸುವ ಹತ್ತರಲ್ಲಿ ಎಂಟು ಜನ ಅದೇ ತಪ್ಪು ಬಟನ್ ಒತ್ತಿದರೆ, ಬಟನ್ ಇಟ್ಟ ಜಾಗವೇ ಸರಿಯಿಲ್ಲ ಅಂತ ಅಲ್ಲಿ ಒಪ್ಪಿಕೊಳ್ತಾರೆ. ನೀತಿ ರೂಪಿಸುವವರಿಗೆ ಮಾತ್ರ ಈ ಕಷ್ಟ ಇಲ್ಲ.

ರಾಜಸ್ಥಾನದ ಉದಯಪುರ ಜಿಲ್ಲೆಯ ಉದಾಹರಣೆ ನೋಡಿ. ಅಲ್ಲಿ ಮಕ್ಕಳ ಲಸಿಕೆ ಮೊದಲಿಂದಲೂ ಉಚಿತ. ಆದರೂ ಎಲ್ಲ ಡೋಸ್ ಮುಗಿಸಿದ ಮಕ್ಕಳು ತೀರಾ ಕಡಿಮೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು ಸೇವಾ ಮಂದಿರ್ ಎಂಬ ಸ್ಥಳೀಯ ಸಂಸ್ಥೆಯ ಜೊತೆ 134 ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವು ಹಳ್ಳಿಗಳಲ್ಲಿ ಪ್ರತಿ ತಿಂಗಳೂ ತಪ್ಪದೆ ಲಸಿಕೆ ಶಿಬಿರ. ಇನ್ನು ಕೆಲವದರಲ್ಲಿ ಶಿಬಿರದ ಜೊತೆಗೆ, ಪ್ರತಿ ಸಲ ಬಂದಾಗಲೂ ಒಂದು ಕೆ.ಜಿ. ಬೇಳೆ, ಎಲ್ಲ ಡೋಸ್ ಮುಗಿದರೆ ಊಟದ ತಟ್ಟೆಗಳು. ಉಳಿದ ಹಳ್ಳಿಗಳಲ್ಲಿ ಏನೂ ಬದಲಿಸಲಿಲ್ಲ.

2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಏನೂ ಬದಲಿಸದ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಪಡೆದ ಮಕ್ಕಳು 6%. ಶಿಬಿರ ಮಾತ್ರ ಇದ್ದಲ್ಲಿ 18%. ಬೇಳೆಯೂ ಸಿಕ್ಕಲ್ಲಿ 39%.

ಬೇಳೆ ಕೊಟ್ಟರೆ ಖರ್ಚು ಜಾಸ್ತಿ ಆಗಬೇಕಲ್ವಾ? ಆಗಿದ್ದು ಉಲ್ಟಾ. ನರ್ಸ್ ಹೇಗೂ ಬಂದು ಕೂತಿರುತ್ತಾರೆ, ಶಿಬಿರದ ಖರ್ಚು ಹೇಗೂ ಇದ್ದದ್ದೇ. ಬರುವ ಮಕ್ಕಳು ಹೆಚ್ಚಿದ್ದರಿಂದ, ಪೂರ್ತಿ ಲಸಿಕೆ ಪಡೆದ ಒಂದೊಂದು ಮಗುವಿಗೆ ತಗುಲಿದ ವೆಚ್ಚ ಬೇಳೆ ಕೊಡದ ಶಿಬಿರಕ್ಕಿಂತ ಸುಮಾರು ಅರ್ಧಕ್ಕೆ ಇಳಿಯಿತು.

ಇದನ್ನು ‘ಬೇಳೆಗೆ ಆಸೆಪಟ್ಟು ಬಂದರು’ ಅಂತ ಓದುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಗುವಿನ ಒಳ್ಳೆಯದು ಬೇಡ ಅನ್ನುವ ತಾಯಿ ಎಲ್ಲಿದ್ದಾಳೆ? ಲಸಿಕೆಯ ಲಾಭ ಮುಂದೆಂದೋ ಬರದೇ ಇರುವ ಕಾಯಿಲೆ, ಕಣ್ಣಿಗೆ ಕಾಣೋದೇ ಇಲ್ಲ. ನಷ್ಟ ಮಾತ್ರ ಇವತ್ತಿನದು: ತಪ್ಪುವ ಕೂಲಿ, ರಾತ್ರಿಯಿಡೀ ಜ್ವರದಲ್ಲಿ ಅಳುವ ಮಗು. ‘ಮುಂದಿನ ತಿಂಗಳು ಹಾಕಿಸೋಣ’ ಅನ್ನುವ ಮಾತು ಅಲ್ಲೇ ಹುಟ್ಟೋದು. ಆ ಬೇಳೆ ಇವತ್ತಿನ ತಕ್ಕಡಿಗೆ ಒಂದಿಷ್ಟು ತೂಕ ಹಾಕಿತು, ಅಷ್ಟೇ.

‘ನಾಳೆ ನೋಡೋಣ’ ಬಡವರದಷ್ಟೇ ಗುಣ ಅಂದುಕೊಳ್ಳಬೇಡಿ. ಸಂಬಳದಾರರಿಗೆ ಪಿಎಫ್ ಕೈಗೆ ಬರುವ ಮೊದಲೇ 12% ಕಡಿತ ಆಗಿಬಿಡುತ್ತದೆ. ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದಷ್ಟು ದಿನ ಕೂಡಿಟ್ಟ ದುಡ್ಡಿನ ದೊಡ್ಡ ಪಾಲು ಅದೇ. ನಮ್ಮ ಶಿಸ್ತಿನ ಕೆಲಸವನ್ನು ವ್ಯವಸ್ಥೆಯೇ ಮಾಡಿಕೊಡುತ್ತೆ, ಹೆಸರು ಮಾತ್ರ ನಮಗೆ.

ಈ ಬಗೆಯ ಯೋಚನೆಯ ಹೆಸರೇ ನಡವಳಿಕೆ ಅರ್ಥಶಾಸ್ತ್ರ. ಡೇನಿಯಲ್ ಕಾಹ್ನೆಮನ್‌ಗೆ 2002ರಲ್ಲಿ, ರಿಚರ್ಡ್ ಥೇಲರ್‌ಗೆ 2017ರಲ್ಲಿ ನೊಬೆಲ್ ಬಂತು. ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ 2008ರಲ್ಲಿ ಬರೆದ ‘ನಡ್ಜ್’ ಪುಸ್ತಕದಿಂದ ಇದು ಸರ್ಕಾರಗಳ ಕಿವಿಗೂ ಬಿತ್ತು. 2010ರಲ್ಲಿ ಬ್ರಿಟನ್ ಇದಕ್ಕೆಂದೇ ಒಂದು ತಂಡ ಕಟ್ಟಿತು.

ಈಗ ಉಜ್ವಲ ಯೋಜನೆಗೆ ಬನ್ನಿ. 2016ರ ಮೇ 1ರಂದು ಶುರುವಾದ ಇದು ಕೋಟ್ಯಂತರ ಬಡ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಟ್ಟಿತು, ಸಣ್ಣ ಕೆಲಸವಲ್ಲ. ಆದರೆ 2019ರ ಸಿಎಜಿ ವರದಿ ನೋಡಿದರೆ, ಫಲಾನುಭವಿಗಳು ವರ್ಷಕ್ಕೆ ತುಂಬಿಸಿಕೊಳ್ಳುತ್ತಿದ್ದದ್ದು ಸರಾಸರಿ ಮೂರು ನಾಲ್ಕು ಸಿಲಿಂಡರ್ ಅಷ್ಟೇ. ಗ್ಯಾಸ್ ಒಳ್ಳೇದು ಅಂತ ಅವರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ದುಡ್ಡು ದಿನಗೂಲಿಯಾಗಿ ಬರುತ್ತದೆ, 14.2 ಕೆ.ಜಿ. ಸಿಲಿಂಡರ್ ಒಂದೇ ಸಲಕ್ಕೆ ಪೂರ್ತಿ ಹಣ ಕೇಳುತ್ತದೆ. ಸೌದೆ ಹೊಲದ ಬದುವಿನಲ್ಲಿ ಕಾಸಿಲ್ಲದೆ ಸಿಗುತ್ತದೆ. ಹಾಗಾಗಿ ನೆಂಟರು ಬಂದಾಗ ಟೀ ಗ್ಯಾಸ್ ಮೇಲೆ, ಸ್ನಾನದ ನೀರು ಹಂಡೆಯಲ್ಲಿ. ಇಲ್ಲಿ ಕಡಿಮೆ ಇರೋದು ಅರಿವಲ್ಲ, ಕೈಯಲ್ಲಿನ ಕಾಸು. ಹೊಗೆ ಹೋಗೋದು ಮಾತ್ರ ಆ ಹೆಂಗಸರ ಎದೆಗೇ.

ಇದರ ಇನ್ನೊಂದು ಮುಖ, ಜನರ ದಾರಿಗೆ ಅಡ್ಡ ಬರುವ ಕಾಗದಪತ್ರ. ಥೇಲರ್ ಇದಕ್ಕೆ ‘ಸ್ಲಡ್ಜ್’ ಅಂತಾರೆ, ನಾವು ಕೆಸರು ಅನ್ನೋಣ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತಗೊಂಡರೆ ಮುಗೀತು. ಅದೇ ವರ್ಷದ ಗೃಹಲಕ್ಷ್ಮಿಯ 2,000 ರೂಪಾಯಿಗೆ ರೇಷನ್ ಕಾರ್ಡ್‌ನಲ್ಲಿ ಯಜಮಾನಿ ಅಂತ ಹೆಸರಿರಬೇಕು, ನೋಂದಣಿ ಆಗಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಒಂದೊಂದು ಮೆಟ್ಟಿಲಲ್ಲೂ ಯಾರೋ ಒಬ್ಬರು ಕೆಳಗೆ ಉಳಿಯುತ್ತಾರೆ, ಅದೂ ದುಡ್ಡು ಹೆಚ್ಚು ಬೇಕಾದವರೇ.

ನನಗೂ ಒಂದು ಅನುಮಾನ ಇದೆ. 2018-19ರ ಕೇಂದ್ರ ಆರ್ಥಿಕ ಸಮೀಕ್ಷೆ ನಡವಳಿಕೆ ಅರ್ಥಶಾಸ್ತ್ರಕ್ಕೆ ಒಂದು ಇಡೀ ಅಧ್ಯಾಯ ಕೊಟ್ಟಿತು. ಹಣ, ಸಿಬ್ಬಂದಿ ಕೊಡದೆ ಜನರ ಮನಸ್ಸನ್ನಷ್ಟೇ ‘ತಿದ್ದುವ’ ಅಗ್ಗದ ದಾರಿ ಇದಾಗಬಾರದು. ಉದಯಪುರದ ಅಂಕಿಯನ್ನೇ ಮತ್ತೆ ನೋಡಿ: 6 ಇದ್ದದ್ದು 18 ಆಗಿದ್ದು ಬೇಳೆಯಿಂದಲ್ಲ, ನರ್ಸ್ ಹೇಳಿದ ದಿನ ಬಂದಿದ್ದರಿಂದ.

ನರ್ಸ್‌ಗಳೂ ಮನುಷ್ಯರೇ, ಅವರ ಮೇಲಿನ ಅಧಿಕಾರಿಗಳೂ. ಅದೇ ಜಿಲ್ಲೆಯಲ್ಲಿ ಸರ್ಕಾರಿ ನರ್ಸ್‌ಗಳ ಹಾಜರಾತಿಯನ್ನು ಸಮಯ ದಾಖಲಿಸುವ ಯಂತ್ರದಿಂದ ಅಳೆದು, ಗೈರಾದರೆ ಸಂಬಳ ಕತ್ತರಿಸುವ ಇನ್ನೊಂದು ಪ್ರಯೋಗವೂ ನಡೆಯಿತು. ಮೊದಲ ಕೆಲವು ತಿಂಗಳು ಹಾಜರಾತಿ ಏರಿತು. ಆಮೇಲೆ ಆರೋಗ್ಯ ಇಲಾಖೆಯವರು ಗೈರಿನ ದಿನಗಳನ್ನು ‘ವಿನಾಯಿತಿ’ ಅಂತ ಬರೆದುಕೊಡಲು ಶುರುಮಾಡಿದರು. 16 ತಿಂಗಳಾಗುವಷ್ಟರಲ್ಲಿ ಯಂತ್ರ ಇದ್ದ ಕಡೆಗೂ ಇಲ್ಲದ ಕಡೆಗೂ ವ್ಯತ್ಯಾಸವೇ ಉಳಿದಿರಲಿಲ್ಲ.