ಕಾನು, ಕೊಡಲಿ ಮತ್ತು ಸಿಂಗಳೀಕ

ನಮ್ಮ ಪ್ರೌಢಶಾಲೆಯ ಮೊದಲ ತಂಡಗಳಲ್ಲಿ ಓದಿದವರಿಗೆ ನಾಟಾ ತುಂಬಿದ ಲಾರಿಗಳ ನೆನಪು ಇದ್ದೇ ಇರುತ್ತದೆ. ಶಾಲೆಗೆ ನಡೆದು ಬರುವಾಗ ನಾವು ಅವನ್ನು ಎಣಿಸುತ್ತಿದ್ದೆವು. ಎಣಿಕೆ ಹೆಚ್ಚಾದಷ್ಟೂ ಖುಷಿ! ಆ ಮರಗಳ ಮೇಲೆ ಬದುಕಿದ್ದವರು ಎಲ್ಲಿಗೆ ಹೋದರೆಂದು ಕೇಳುವ ಬುದ್ಧಿ ಆಗ ಇರಲಿಲ್ಲ.

ಕಾನು, ದೇವರಕಾಡುಗಳಿಗೆ ಕತ್ತಿ ಹಾಕಬಾರದೆಂಬ ಕಟ್ಟು ಹಿರಿಯರಲ್ಲಿತ್ತು. ಬ್ರಿಟಿಷರ ಕಾಲದಿಂದ ಲೆಕ್ಕಾಚಾರ ಬದಲಾಯಿತು. ಸ್ವಾಭಾವಿಕ ಕಾಡು ಕಡಿದು ಸಾಗುವಾನಿ ನೆಟ್ಟರು. ಸ್ವಾತಂತ್ರ್ಯಾನಂತರ ಪ್ಲೈವುಡ್ ಕಾರ್ಖಾನೆಗಳಿಗೂ ಇಲ್ಲಿಂದಲೇ ಮರ ಹೋಯಿತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದುಹೋಗಿ ಮರಗಳನ್ನು ತಬ್ಬಿ ನಿಂತರು. ಪಾಂಡುರಂಗ ಹೆಗಡೆಯವರು ಮುಂದೆ ನಿಂತು ನಡೆಸಿದ ಈ ಅಪ್ಪಿಕೋ ಚಳವಳಿ ಸಿದ್ದಾಪುರ, ಯಲ್ಲಾಪುರಗಳಿಗೂ ಹಬ್ಬಿತು. ಮುಂದಿನ ವರ್ಷಗಳಲ್ಲಿ ಸ್ವಾಭಾವಿಕ ಕಾಡಿನ ಹಸಿಮರ ಕಡಿಯುವುದಕ್ಕೆ ತಡೆ ಬಿತ್ತು.

ಕೊಡಲಿ ನಿಂತರೆ ಸಾಕೇ? ಸಿಂಗಳೀಕವನ್ನೇ ನೋಡಿ. ಅದು ನೆಲಕ್ಕಿಳಿಯುವುದು ಅಪರೂಪ; ಕೊಂಬೆಗೆ ಕೊಂಬೆ ಕೂಡಿದ ದಟ್ಟ ಕಾಡು ಬೇಕು, ವರ್ಷವಿಡೀ ಒಂದಲ್ಲ ಒಂದು ಹಣ್ಣು ಬೇಕು. ಸಾಗುವಾನಿ ತೋಪಿನಲ್ಲಿ ಅದಕ್ಕೆ ಏನಿದೆ? ಹೆರುವುದು ಒಂದೇ ಮರಿ, ಅದೂ ವರ್ಷಗಳ ಅಂತರದಲ್ಲಿ. ಆದ್ದರಿಂದ ಒಮ್ಮೆ ಕುಗ್ಗಿದ ಸಂತತಿ ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯುತ್ತದೆ. ಈ ಶತಮಾನದ ಆರಂಭದಲ್ಲಿ ಸಂಶೋಧಕರು ಶಿರಸಿ–ಹೊನ್ನಾವರದ ಕಾಡುಗಳನ್ನು ಸುತ್ತಿದಾಗ ಮೂವತ್ತಕ್ಕೂ ಹೆಚ್ಚು ಗುಂಪುಗಳು ಕಂಡವು. ಹಿಂದೆ ಆಯ್ದ ಮರಗಳನ್ನು ಕಡಿದಿದ್ದ ಕಾಡಿನಲ್ಲೂ ಅವು ಬದುಕಿದ್ದವು. ಸಿಂಗಳೀಕ ಉಳಿದಿರುವ ಉತ್ತರದ ತುದಿ ನಮ್ಮ ಈ ಘಟ್ಟವೇ.

2011ರಲ್ಲಿ ಸುಮಾರು 300 ಚದರ ಕಿಲೋಮೀಟರಿನ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳು ಈ ಸೀಮೆಯವೇ. ಅಲ್ಲಿ ಸಿಕ್ಕ ಗೇರಿನ ಜಾತಿಯ ಮರವೊಂದಕ್ಕೆ ವಿಜ್ಞಾನಿಗಳು ಕತ್ತಲೆಕಾನಿನ ಹೆಸರನ್ನೇ ಇಟ್ಟಿದ್ದಾರೆ. ಯಲ್ಲಾಪುರದ ಕಡೆ ಬೇಡ್ತಿ ಕಣಿವೆಗೂ ಅದೇ ವರ್ಷ ರಕ್ಷಣೆ ಸಿಕ್ಕಿತು. 2019ರಲ್ಲಿ ಅಘನಾಶಿನಿ ಪ್ರದೇಶವನ್ನು 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿಸಿದರು. ಅಭಯಾರಣ್ಯ ಎಂದೊಡನೆ ಸೊಪ್ಪು, ದರಕು, ದಾರಿ ಎಲ್ಲ ತಪ್ಪೀತೆಂಬ ಹೆದರಿಕೆ ಹಳ್ಳಿಗಳಲ್ಲಿದೆ. ಅದು ಹುಸಿ ಹೆದರಿಕೆಯೆಂದು ನಾನು ಹೇಳಲಾರೆ. ಮನೆ ಬಾಗಿಲಿಗೇ ಕಾಡು ತಾಗಿದವರ ಮಾತು ಅದು.

ಆದರೆ ನಮ್ಮ ಪಾಲಿನದೂ ಇದೆ. ಮೂರೂ ತಾಲೂಕುಗಳಲ್ಲಿ ಅಡಿಕೆ ತೋಟದ ಎಕರೆಗೆ 9 ಎಕರೆವರೆಗೆ ಸೊಪ್ಪಿನಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದಿದೆ. ಟೊಂಗೆ ಸವರಿ ಸವರಿ ಬೋಳಾದ ಬೆಟ್ಟವೂ ಇದೆ, ಹಲಸು, ಉಪ್ಪಾಗೆ, ನೇರಳೆ ಉಳಿಸಿಕೊಂಡು ಕಾಡಿನಂತೆಯೇ ಇರುವ ಬೆಟ್ಟವೂ ಇದೆ. ಎರಡನೆಯದರಲ್ಲಿ ಹಕ್ಕಿಗೂ ಮಂಗಕ್ಕೂ ಕೂಳಿದೆ.

ಉಪ್ಪಾಗೆಯ ಕಥೆ ಇನ್ನೂ ಇಕ್ಕಟ್ಟಿನದು. ಮೊದಲು ಹುಳಿಗೆ ಓಡು, ಬೀಜದಿಂದ ತುಪ್ಪ, ಅಷ್ಟೇ ಆಗಿತ್ತು. ಮೈ ಇಳಿಸುವ ಔಷಧಿಗೆಂದು ಹೊರದೇಶಗಳಲ್ಲಿ ಬೇಡಿಕೆ ಬಂದ ಮೇಲೆ ಮಳೆಗಾಲದ ಮೂರು ತಿಂಗಳು ಬಡವರ ಕೈಗೆ ರೊಕ್ಕ ಬಂತು. ನನ್ನ ತರಗತಿಯ ಹುಡುಗರು ಕೆಲವರು ಆಗ ಶಾಲೆ ತಪ್ಪಿಸುತ್ತಿದ್ದರು. ಪಟ್ಟಿ, ಪುಸ್ತಕದ ದುಡ್ಡು ಅದರಿಂದಲೇ ಆಗುತ್ತಿತ್ತು, ಬೈಯಲು ಬಾಯಿ ಬರುತ್ತಿರಲಿಲ್ಲ. ಸಿಂಗಳೀಕಕ್ಕೂ ಅದೇ ಹಣ್ಣು ಬೇಕು. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆಂದು ಕಾಯಿಯನ್ನೇ ಉದುರಿಸುವುದು, ಟೊಂಗೆ ಕಡಿಯುವುದು, ಒಣಗಿಸುವ ಒಲೆಗೆ ಮತ್ತೆ ಕಾಡಿನ ಕಟ್ಟಿಗೆ. ಹಣ್ಣಾಗುವವರೆಗೆ ಕಾದರೆ ಬೀಜವೂ ಬಲಿಯುತ್ತದೆ, ತುದಿಕೊಂಬೆಯದು ಮಂಗನ ಪಾಲಿಗೆ ಉಳಿಯುತ್ತದೆ. ಕೊಯ್ಲು ಯಾವಾಗ ಶುರುವಾಗಬೇಕೆಂದು ಗ್ರಾಮ ಅರಣ್ಯ ಸಮಿತಿಯವರು ಮಳೆ ಹಿಡಿಯುವ ಮೊದಲೇ ಊರವರನ್ನು ಕೂರಿಸಿ ಮಾತಾಡಬೇಕು. ನಮ್ಮ ಶಾಲೆಯ ಜಗಲಿ ಅದಕ್ಕೆ ಯಾವತ್ತೂ ತೆರೆದೇ ಇದೆ.