ಹಸಿರು ಚಹಾ: ಪಾನೀಯವೋ, ಮದ್ದೋ?

ಕುರುಡುಮಲೆ ಗಣಪತಿಯ ದರ್ಶನ ಮುಗಿಸಿ ಮುಳಬಾಗಿಲಿಗೆ ಮರಳುವವರು ಹಾಲು, ಸಕ್ಕರೆ ಹಾಕಿ ಕುದಿಸಿದ ಟೀ ಕುಡಿದು ದಣಿವಾರಿಸಿಕೊಳ್ಳುವುದುಂಟು. ಈಗ ಊರಿನ ಅಂಗಡಿಗಳಿಗೆ ಹಸಿರು ಚಹಾದ ಪೊಟ್ಟಣವೂ ಬಂದಿದೆ. ಅದು ಕ್ಯಾನ್ಸರನ್ನು ತಡೆಯುತ್ತದೆ ಎಂಬ ಮಾತೂ ಜೊತೆಗೇ ಬಂದಿದೆ. ಈ ಮಾತು ಹುಟ್ಟಿದ್ದು ಹೇಗೆ? ಅದರಲ್ಲಿ ನಿಜವೆಷ್ಟು?

ಎರಡೂ ಒಂದೇ ಗಿಡದ ಎಲೆ. ಕಿತ್ತ ಎಲೆಯನ್ನು ಜಜ್ಜಿ ಗಾಳಿಗೆ ಬಿಟ್ಟರೆ ಅದರಲ್ಲಿನ ಕ್ಯಾಟೆಚಿನ್ ಎಂಬ ಒಗರು ವಸ್ತುಗಳು ಮಾರ್ಪಟ್ಟು ಎಲೆ ಕಪ್ಪಾಗುತ್ತದೆ. ಬೇಗನೆ ಹಬೆಯಲ್ಲಿ ಬಿಸಿ ಮಾಡಿದರೆ ಅಥವಾ ಹುರಿದರೆ ಈ ಬದಲಾವಣೆ ನಿಲ್ಲುತ್ತದೆ. ಎಲೆಯ ಹಸಿರಿನೊಡನೆ ಕ್ಯಾಟೆಚಿನ್‌ಗಳೂ ಉಳಿಯುತ್ತವೆ.

ಚಹಾವನ್ನು ಮದ್ದೆಂದು ಕೊಂಡಾಡುವುದು ಹೊಸದೇನಲ್ಲ. ಜಪಾನಿನ ಬೌದ್ಧ ಭಿಕ್ಷು ಐಸಾಯ್ 1211ರಲ್ಲೇ ಅದರ ಆರೋಗ್ಯಗುಣಗಳ ಬಗ್ಗೆ ಪುಸ್ತಕ ಬರೆದಿದ್ದ. ಆ ಎಲೆಯೊಳಗೆ ಇರುವುದೇನೆಂದು ತಿಳಿಯಲು ಮತ್ತೆ ಏಳು ಶತಮಾನ ಬೇಕಾಯಿತು. 1929ರಲ್ಲಿ ಮಿಚಿಯೊ ತ್ಸುಜಿಮುರಾ ಹಸಿರು ಚಹಾದಿಂದ ಕ್ಯಾಟೆಚಿನ್ ಬೇರ್ಪಡಿಸಿದರು. 1932ರಲ್ಲಿ ಕೃಷಿ ವಿಜ್ಞಾನದ ಡಾಕ್ಟರೇಟ್ ಪಡೆದ ಇವರು ಆ ಪದವಿ ಗಳಿಸಿದ ಜಪಾನಿನ ಮೊದಲ ಮಹಿಳೆ. 1987ರಲ್ಲಿ ಹಿರೋಟಾ ಫುಜಿಕಿ ಮತ್ತು ಸಂಗಡಿಗರು ಇಜಿಸಿಜಿ ಎಂಬ ಕ್ಯಾಟೆಚಿನ್ ಇಲಿಗಳ ಚರ್ಮದಲ್ಲಿ ಗೆಡ್ಡೆ ಬೆಳೆಯುವುದನ್ನು ತಗ್ಗಿಸುತ್ತದೆ ಎಂದು ವರದಿ ಮಾಡಿದರು. ಇಂದಿನ ಭರವಸೆಗೆ ಇಂಥ ಪ್ರಯೋಗಗಳೇ ಮೂಲ.

ಆದರೆ ಇಲಿಯ ಚರ್ಮ ಬೇರೆ, ಮನುಷ್ಯನ ದೇಹ ಬೇರೆ. ಕುಡಿದ ಚಹಾದ ಇಜಿಸಿಜಿಯಲ್ಲಿ ರಕ್ತಕ್ಕೆ ಸೇರುವುದು ಅಲ್ಪ ಭಾಗ ಮಾತ್ರ. 11 ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ 142 ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ 2020ರಲ್ಲಿ ಒಟ್ಟಾಗಿ ಪರಿಶೀಲಿಸಿತು. ಫಲಿತಾಂಶಗಳು ಒಂದಕ್ಕೊಂದು ಹೊಂದಲಿಲ್ಲ. ಹಸಿರು ಚಹಾ ಕ್ಯಾನ್ಸರ್ ತಡೆಯುತ್ತದೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ದಿನಕ್ಕೆ ಒಂದೆರಡು ಲೋಟ ಕುಡಿದರೆ ತೊಂದರೆಯಿಲ್ಲ ನಿಜ. ಆದರೆ ಅದರ ಸಾರದ ಮಾತ್ರೆಗಳ ವಿಷಯ ಹಾಗಲ್ಲ. ಮಾತ್ರೆಗಳ ಮೂಲಕ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಸೇವಿಸುವುದು ಯಕೃತ್ತಿಗೆ ಕೆಡುಕಾಗಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ.

ಇತ್ತ ನಮ್ಮ ಹಳ್ಳಿಯ ಜಗಲಿಗಳಲ್ಲಿ ಎಲೆ-ಅಡಿಕೆಗೆ ಹೊಗೆಸೊಪ್ಪು ಸೇರಿಸಿ ಜಗಿಯುವ ರೂಢಿ ಇನ್ನೂ ಇದೆ. ಅದರಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ ಎಂಬುದರಲ್ಲಿ ವಿಜ್ಞಾನಕ್ಕೆ ಸಂದೇಹವಿಲ್ಲ. ಹೊಗೆಸೊಪ್ಪಿಲ್ಲದ ಎಲೆ-ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ. ಜಗಿಯುವುದನ್ನು ಬಿಡದೆ ಚಹಾ ಬದಲಾಯಿಸಿ ಫಲವೇನು? ಬಾಯಲ್ಲಿ ಎರಡು-ಮೂರು ವಾರವಾದರೂ ಮಾಯದ ಹುಣ್ಣು ಕಂಡರೆ ಹುಡುಕಬೇಕಾದ್ದು ಹಸಿರು ಚಹಾವನ್ನಲ್ಲ, ವೈದ್ಯರನ್ನು. ಜಿಲ್ಲಾಸ್ಪತ್ರೆ ಕೋಲಾರದಲ್ಲಿದೆ, 1973ರಿಂದ ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆ ನೀಡುತ್ತಿರುವ ಕಿದ್ವಾಯಿ ಸಂಸ್ಥೆ ಬೆಂಗಳೂರಿನಲ್ಲಿದೆ.